ಬಲೆಗೆ ಬಿದ್ದ ಅಪರೂಪ ಬಣ್ಣದ ಮೀನನ್ನು ಗುರುತಿಸುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಕೆರೆಗಳಲ್ಲಿಯೂ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳನ್ನು ಮುಟ್ಟುವ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿಯೂ ಬಲೆ ಬೀಸುವವರಿಗೆ ಒಮ್ಮೊಮ್ಮೆ ಹಿಂದೆ ಕಾಣದ ಬಣ್ಣದ ಮೀನು ಸಿಕ್ಕುವುದುಂಟು. ಕೆಲವರು ಅದನ್ನು ಶಕುನವೆಂದು ನೀರಿಗೆ ಬಿಡುವರು. ಕೆಲವರು ಅಂದಕ್ಕೆ ಮರುಳಾಗಿ ತಮ್ಮ ಹೊಂಡಕ್ಕೆ ಹಾಕುವರು. ಎರಡೂ ಸರಿಯಲ್ಲ. ಮೊದಲು ಅದು ಯಾವ ಮೀನೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಬಣ್ಣವು ಸುಳಿವೇ ಹೊರತು ಸಾಕ್ಷಿಯಲ್ಲ. ಒಂದೇ ಮೀನು ಕದಡಿದ ನೀರಿನಲ್ಲಿ ಬಿಳಿಚಿಕೊಂಡೂ ತಿಳಿನೀರಿನಲ್ಲಿ ಕಪ್ಪಾಗಿಯೂ ಇರಬಹುದು, ಬೆದೆಯ ಕಾಲಕ್ಕೆ ರಂಗೇರುವುದು, ಸತ್ತೊಡನೆ ಮಾಸುವುದು. ಮೈಯಲ್ಲಿ ಕಪ್ಪುಬಣ್ಣದ ಅಂಶವು ಹುಟ್ಟಿನಿಂದಲೇ ಇಲ್ಲದಿದ್ದರೆ ನಮ್ಮ ನಾಡಮೀನೇ ಹೊನ್ನಿನಂತೆ ಕಾಣಬಹುದು. ಆದಕಾರಣ ಮೀಸೆ, ಬಾಯಿ, ಹುರುಪೆ, ಈಜುರೆಕ್ಕೆ ಈ ನಾಲ್ಕನ್ನು ನೋಡಬೇಕು.

1. ಕೆಂಪು ಅಥವಾ ಹೊನ್ನಿನ ಬಣ್ಣದ ಮೀನು: ತುಟಿಯ ಬದಿಗಳಲ್ಲಿ ಎರಡು ಜೊತೆ ಮೀಸೆಗಳಿದ್ದರೆ ಅದು ಸಾಮಾನ್ಯ ಗೆಂಡೆಯ ಬಣ್ಣದ ತಳಿಯಾದ ಕೋಯಿ ಆಗಿರಬಹುದು. ಅದೇ ಆಕಾರವಿದ್ದು ಮೀಸೆಯಿಲ್ಲದಿದ್ದರೆ ಗಾಜಿನ ತೊಟ್ಟಿಗಳಲ್ಲಿ ಸಾಕುವ ಚಿನ್ನದ ಮೀನು.

2. ಮೈ ಕಪ್ಪು, ಕೆಳದವಡೆ ಬಿಳಿ, ರೆಕ್ಕೆಯ ಅಂಚು ಕೆಂಪು: ಇದು ಬೆದೆಗೆ ಬಂದ ಗಂಡು ತಿಲಾಪಿಯ, ಅಂದರೆ ಜಿಲೇಬಿ ಮೀನು. ಆಫ್ರಿಕಾದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಸಂತಾನವು ಬೇಗ ಹೆಚ್ಚಿ, ಕಾಟ್ಲಾ, ರೋಹುಗಳ ಮೇವಿಗೆ ಪಾಲುದಾರನಾಗುವುದು.

3. ಹೊಟ್ಟೆ ಕೆಂಪು, ಮೈ ತಟ್ಟೆಯಂತೆ ಚಪ್ಪಟೆ: ಬೆನ್ನುರೆಕ್ಕೆಗೂ ಬಾಲಕ್ಕೂ ನಡುವೆ ಸಣ್ಣ ಮಾಂಸದ ರೆಕ್ಕೆಯೂ, ಮನುಷ್ಯನ ದವಡೆಹಲ್ಲಿನಂಥ ಹಲ್ಲುಗಳೂ ಇದ್ದರೆ ದಕ್ಷಿಣ ಅಮೆರಿಕದ ಪಾಕು, ವ್ಯಾಪಾರದ ಹೆಸರಿನಲ್ಲಿ ರೂಪಚಂದ್. ಇದನ್ನು ಮನುಷ್ಯಭಕ್ಷಕ ಪಿರಾನ್ಹಾ ಎಂದು ಹೆದರಬೇಕಾಗಿಲ್ಲ. ಪಿರಾನ್ಹಾದ ಹಲ್ಲು ಗರಗಸದಂತೆ ಮೊನಚು.

4. ಚಿರತೆಯಂತೆ ಚುಕ್ಕೆ, ಮೈತುಂಬ ಎಲುಬಿನ ಬಿಲ್ಲೆಗಳು, ತಲೆಯ ಅಡಿಯಲ್ಲಿ ಹೀರುವ ಬಾಯಿ: ಇದೂ ದಕ್ಷಿಣ ಅಮೆರಿಕದ್ದೇ, ಮನೆಯ ತೊಟ್ಟಿಗಳಿಂದ ಕೆರೆಗಳಿಗೆ ಸೇರಿದ್ದು. ಗಂಡು ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಕಾಯುವುದು. ಮಣ್ಣಿನ ಏರಿಯುಳ್ಳ ಕೆರೆಗೆ ಇದು ಕೇಡು; ಇದರ ಒರಟು ಮೈಯಿಂದ ಬಲೆಯೂ ಹರಿಯುವುದು.

ಹೆಸರು ತಿಳಿಯದೆ ಇರುವುದರ ನಷ್ಟಕ್ಕೆ ಕಾವೇರಿಯ ಉದಾಹರಣೆಯೊಂದು ಸಾಕು. ಅಲ್ಲಿಯ ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಮೀನನ್ನು ಗಾಳಗಾರರು ಒಂದು ಶತಮಾನಕ್ಕೂ ಮಿಕ್ಕಿ ಬಲ್ಲರು. ಆದರೂ ಅದರ ಸರಿಯಾದ ಶಾಸ್ತ್ರೀಯ ನಾಮವು ಇತ್ಯರ್ಥವಾಗಿರಲಿಲ್ಲ. ಅಷ್ಟರಲ್ಲಿ ಹೊರಗಿನ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಆ ನದಿಗೆ ಬಿಟ್ಟರು. ಅವು ಹೆಚ್ಚಿದವು, ಮೂಲದ ಮೀನು ಕ್ಷೀಣಿಸಿತು. 2007ರಲ್ಲಿ ಕೇರಳದ ಪಾಂಬಾರ್ ನದಿಯ ಮೀನೊಂದಕ್ಕೆ ಟಾರ್ ರೇಮಾದೇವಿ ಎಂದು ಹೆಸರಿಟ್ಟಿದ್ದರು. ದೇಹದ ಅಳತೆ ಮತ್ತು ವಂಶವಾಹಿಗಳನ್ನು ಹೋಲಿಸಿ, ಕಾವೇರಿಯ ಮೀನೂ ಅದೇ ಎಂದು 2018ರಲ್ಲಿ ತೋರಿಸಲಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಆದ್ದರಿಂದ ಗ್ರಾಮದ ಯಜಮಾನರೂ ಕೆರೆಯ ಹಕ್ಕುದಾರರೂ ಹೀಗೆ ಮಾಡತಕ್ಕದ್ದು. ಮೀನು ಜೀವಂತವಿರುವಾಗಲೇ, ಬಣ್ಣ ಮಾಸುವ ಮುನ್ನ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಮೈ, ಬಾಯಿ, ಹೊಟ್ಟೆಗಳ ಚಿತ್ರ ತೆಗೆಯಿರಿ. ಸಿಕ್ಕಿದ ಸ್ಥಳ, ದಿನ, ಬಲೆಯ ಬಗೆ ಬರೆದಿಡಿರಿ. ಪರಕೀಯವೆಂದು ತೋರಿದ್ದನ್ನು ಮರಳಿ ಆ ನೀರಿಗಾಗಲಿ ಬೇರೆ ಕೆರೆಗಾಗಲಿ ಬಿಡದೆ, ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕಾ ಕಚೇರಿಗೆ ಒಪ್ಪಿಸಿರಿ. ಮರಿಗಳನ್ನು ಕೊಳ್ಳುವಾಗಲೂ ಒಂದು ಬೊಗಸೆಯಷ್ಟನ್ನು ಬಿಳಿಯ ತಟ್ಟೆಯಲ್ಲಿ ಸುರಿದು ನೋಡಿಯೇ ಬಿತ್ತಿರಿ. ಬಿತ್ತನೆಯ ಜೋಳದಲ್ಲಿ ಕಳೆಯ ಬೀಜ ಹೆಕ್ಕುವ ರೈತನಿಗೆ ಇದು ಹೊಸ ಕೆಲಸವೇನೂ ಅಲ್ಲ.