ಕ್ರೀಡಾ ವಿಜ್ಞಾನ ಜತೆಗೆ ಕ್ರೀಡಾ ಮ್ಯಾನೇಜ್‌ಮೆಂಟ್: ಈ ಜೋಡಿ ಡಿಗ್ರಿ ಅಂದ್ರೆ ಏನು? ಫೀಸ್ ಕಟ್ಟೋ ಮುಂಚೆ ಓದಿ

ಪಿಯುಸಿ ರಿಸಲ್ಟ್ ಬಂದ ಮೇಲೆ ಮನೆಯಲ್ಲಿ ಒಬ್ಬ ಆಟಗಾರ ಇದ್ದರೆ ತಂದೆ ತಾಯಿಗೆ ಒಂದು ಚಿಂತೆ ಜಾಸ್ತಿ. ಹುಡುಗ ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡಿದ್ದಾನೆ, ಹುಡುಗಿ 800 ಮೀಟರ್ ಓಟದಲ್ಲಿ ವಿಭಾಗ ಮಟ್ಟಕ್ಕೆ ಹೋಗಿ ಬಂದಿದ್ದಾಳೆ. ಬಿಕಾಂ ಸೇರು ಅಂದ್ರೆ ಒಲ್ಲೆ ಅಂತಾರೆ. ಇಂಥ ಹೊತ್ತಲ್ಲೇ ಕೋರ್ಸ್‌ಗಳ ಜಾಹೀರಾತು ಮೊಬೈಲ್‌ಗೆ ಬರುತ್ತೆ: ಕ್ರೀಡಾ ವಿಜ್ಞಾನ ಮತ್ತು ಕ್ರೀಡಾ ಮ್ಯಾನೇಜ್‌ಮೆಂಟ್, ಎರಡೂ ಸೇರಿದ ಡಿಗ್ರಿ. ಐಪಿಎಲ್ ಫೋಟೊ, ಕೋಟು ಹಾಕಿಕೊಂಡ ಹುಡುಗರು, ಕೆಳಗೆ ಫೋನ್ ನಂಬರ್.

ಕೋರ್ಸ್ ಸುಳ್ಳಲ್ಲ, ಅದಕ್ಕೆ ಕೆಲಸವೂ ಇದೆ. ಆದರೆ ಇದು ಯಾವ ಕೆಲಸಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ ಅನ್ನೋದನ್ನ ಸರಿಯಾಗಿ ತಿಳಿದುಕೊಳ್ಳದೆ ಸೇರಿದರೆ ಮೂರ್ನಾಲ್ಕು ವರ್ಷ ಮತ್ತು ಅಂಗಡಿಯ ಉಳಿತಾಯ ಎರಡೂ ಹೋಗುತ್ತೆ.

ಮೊದಲು ಇದೇನಲ್ಲ ಅಂತ ತಿಳಿಯೋಣ

ಇದು ಪಿಟಿ ಮೇಷ್ಟ್ರ ಕೋರ್ಸ್ ಅಲ್ಲ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಬೇಕಾದ್ರೆ ಬಿ.ಪಿ.ಎಡ್ ಬೇಕು. ಅದು ಡಿಗ್ರಿ ಆದ ಮೇಲೆ 2 ವರ್ಷದ ಕೋರ್ಸ್, ಎನ್‌ಸಿಟಿಇ ಮಾನ್ಯತೆ ಇರೋ ಕಾಲೇಜಲ್ಲೇ ಮಾಡಬೇಕು. ಡಿಗ್ರಿ ಕಾಲೇಜಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗೋಕೆ ಎಂ.ಪಿ.ಎಡ್ ಮಾಡಿ, ನೆಟ್ ಅಥವಾ ಕೆಸೆಟ್ ಪಾಸಾಗಬೇಕು, ಇಲ್ಲವೇ ಪಿಎಚ್‌ಡಿ ಇರಬೇಕು. ಜೋಡಿ ಡಿಗ್ರಿಯ ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಹೋದರೆ ಈ ಎರಡು ಬಾಗಿಲೂ ತೆರೆಯಲ್ಲ.

ಇದು ಫಿಸಿಯೋಥೆರಪಿಯೂ ಅಲ್ಲ. ಮೊಣಕಾಲು ನೋವಿಗೆ ಚಿಕಿತ್ಸೆ ಕೊಡೋದು ಬಿಪಿಟಿ ಓದಿದವರ ಕೆಲಸ. ಕ್ರೀಡಾ ವಿಜ್ಞಾನ ಓದಿದವರು ಗಾಯ ಆಗದ ಹಾಗೆ ತರಬೇತಿ ಹೇಗಿರಬೇಕು ಅಂತ ಹೇಳಬಹುದು, ಕ್ಲಿನಿಕ್ ಬೋರ್ಡ್ ಹಾಕಿಕೊಳ್ಳೋ ಹಾಗಿಲ್ಲ.

ಕೋಚ್ ಆಗೋ ದಾರಿಯೂ ಬೇರೆ. ನಮ್ಮಲ್ಲಿ 'ಎನ್‌ಐಎಸ್ ಕೋಚ್' ಅಂತ ಕರೆಯೋದು ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಮಾಡಿದವರನ್ನ. 1961ರಲ್ಲಿ ಶುರುವಾದ ಸಂಸ್ಥೆ ಅದು. ಸರ್ಕಾರಿ ಕೋಚ್ ಹುದ್ದೆಗಳಲ್ಲಿ ಈ ಡಿಪ್ಲೊಮಾಗೆ ಇವತ್ತಿಗೂ ಬೆಲೆ ಇದೆ.

ಇನ್ನೊಂದು ಗೊಂದಲ ಕ್ರೀಡಾ ಕೋಟಾದ್ದು. ಕೋಟಾ ಅಂದ್ರೆ ಆಟ ಆಡಿದವರಿಗೆ ಬೇರೆ ಬೇರೆ ಕೋರ್ಸ್‌ಗಳಲ್ಲಿ ಸಿಗೋ ಸೀಟು. ಈ ಕೋರ್ಸ್ ಅಂದ್ರೆ ಆಟವನ್ನೇ ವಿಷಯವಾಗಿ ಓದೋದು. ಒಳ್ಳೆ ಆಟಗಾರ ಇಲ್ಲಿ ಒಳ್ಳೆ ವಿದ್ಯಾರ್ಥಿ ಆಗಲೇಬೇಕು ಅಂತೇನಿಲ್ಲ.

ಹಾಗಾದರೆ ಓದೋದು ಏನನ್ನ?

ಎರಡು ಕಸುಬು. ಒಂದು ಮೈದು, ಇನ್ನೊಂದು ಲೆಕ್ಕದ್ದು.

ಮೈ ಕಡೆಯದ್ದು ಕ್ರೀಡಾ ವಿಜ್ಞಾನ. ಅಂಗರಚನೆ, ವ್ಯಾಯಾಮದ ಶರೀರಶಾಸ್ತ್ರ, ಚಲನೆಯ ಭೌತಶಾಸ್ತ್ರ, ಆಹಾರ, ಕ್ರೀಡಾ ಮನಶ್ಶಾಸ್ತ್ರ ಇದರಲ್ಲಿ ಬರುತ್ತವೆ. ಹೆಸರು ಕೇಳಿದರೆ ಭಾರ, ವಿಷಯ ನಮ್ಮ ಅಂಗಳದ್ದೇ.

ಕಬಡ್ಡಿಯನ್ನೇ ತಗೊಳ್ಳಿ. ಒಂದು ರೇಡ್‌ಗೆ 30 ಸೆಕೆಂಡ್. ಪೂರ್ತಿ ಬಲ ಹಾಕಿ ನುಗ್ಗುವಾಗ ಸ್ನಾಯುವಿನಲ್ಲಿ ಕೂಡಿಟ್ಟ ಫಾಸ್ಫೋಕ್ರಿಯಾಟಿನ್ ಅನ್ನೋ ಇಂಧನ ಸುಮಾರು 10 ಸೆಕೆಂಡಿಗೆ ಬಹುಪಾಲು ಮುಗಿಯುತ್ತೆ. ಅದು ಮತ್ತೆ ತುಂಬೋಕೆ ಕೆಲವು ನಿಮಿಷ ಬೇಕು. ಒಬ್ಬನೇ ರೇಡರ್‌ನನ್ನ ಬೆನ್ನು ಬೆನ್ನಿಗೆ ಕಳಿಸಿದರೆ ಮೂರನೇ ಸಲ ಕಾಲು ಏಳಲ್ಲ. 'ಅವನಿಗೆ ದಮ್ಮಿಲ್ಲ' ಅಂತ ಹೊರಗೆ ನಿಂತವರು ಬೈತಾರೆ. ದಮ್ಮಿಲ್ಲದ್ದಲ್ಲ, ಇಂಧನ ತುಂಬೋಕೆ ಸಮಯ ಕೊಟ್ಟಿಲ್ಲ. ರೇಡರ್‌ಗಳನ್ನ ಸರದಿ ಪ್ರಕಾರ ಕಳಿಸೋದು, ಚಿಕ್ಕ ಚಿಕ್ಕ ಓಟ ಮತ್ತು ವಿಶ್ರಾಂತಿ ಬೆರೆಸಿ ಅಭ್ಯಾಸ ಮಾಡಿಸೋದು ಇದರಿಂದ ಬಂದ ಲೆಕ್ಕ.

ನೀರಿನ ವಿಚಾರವೂ ಹಾಗೇ. ಅಭ್ಯಾಸಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಕ ನೋಡಬೇಕು. ದೇಹದ ತೂಕದಲ್ಲಿ 2 ಶೇಕಡಕ್ಕಿಂತ ಜಾಸ್ತಿ ಇಳಿದಿದ್ದರೆ, ಅಂದ್ರೆ 60 ಕೆ.ಜಿ. ಹುಡುಗಿಯ ತೂಕ 1.2 ಕೆ.ಜಿ.ಗಿಂತ ಹೆಚ್ಚು ಇಳಿದಿದ್ದರೆ, ನೀರು ಸಾಲದಾಗಿದೆ ಅಂತ ಅರ್ಥ. ಓಟದ ವೇಗ ಇಳಿಯೋದೂ ಅಲ್ಲಿಂದಲೇ. ಇದಕ್ಕೆ ಲ್ಯಾಬ್ ಬೇಡ, ಒಂದು ತೂಕದ ಮಿಷನ್ ಸಾಕು.

ಡೋಪಿಂಗ್ ಇನ್ನೊಂದು ದೊಡ್ಡ ಪಾಠ. ನಿಷೇಧಿತ ಪದಾರ್ಥಗಳ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗಿ ಜಾರಿಗೆ ಬರುತ್ತೆ. ನಮ್ಮ ದೇಶದಲ್ಲಿ 2022ರಿಂದ ಇದಕ್ಕೆ ಪ್ರತ್ಯೇಕ ಕಾಯ್ದೆಯೇ ಇದೆ. ಜಿಮ್‌ನಲ್ಲಿ ಯಾರೋ ಕೊಟ್ಟ ಪೌಡರ್ ಕುಡಿದು ಸಿಕ್ಕಿಬಿದ್ದರೆ 'ನನಗೆ ಗೊತ್ತಿರಲಿಲ್ಲ' ಅನ್ನೋ ಮಾತು ನಡೆಯಲ್ಲ. ಮೈಯೊಳಗೆ ಏನು ಹೋಯಿತೋ ಅದಕ್ಕೆ ಆಟಗಾರನೇ ಹೊಣೆ.

ಲೆಕ್ಕದ ಕಡೆ: ಫ್ಲೆಕ್ಸ್‌ನಿಂದ ಗ್ಯಾಲರಿವರೆಗೆ

ಕ್ರೀಡಾ ಮ್ಯಾನೇಜ್‌ಮೆಂಟ್ ಅಂದ ಕೂಡಲೇ ಐಪಿಎಲ್ ನೆನಪಾಗುತ್ತೆ. ಅಷ್ಟು ದೂರ ಹೋಗೋದು ಬೇಡ. ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸೋದು ಏನು ಕಡಿಮೆ ಕೆಲಸವೇ? ಮ್ಯಾಟ್ ಬಾಡಿಗೆ, ಲೈಟು, ಜನರೇಟರ್, ಅಂಪೈರ್ ಭತ್ಯೆ, ಊಟ, ಪೊಲೀಸ್ ಅನುಮತಿ, ಆಂಬುಲೆನ್ಸ್, ಬಹುಮಾನದ ಹಣ. ಸಂಘದ ಹುಡುಗರು ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ ಬರ್ತಾರೆ, ಅಂಗಡಿಯವರು ಮುಖ ನೋಡಿ ಕೊಡ್ತಾರೆ. ಪಂದ್ಯ ಮುಗಿದ ಮೇಲೆ ಲೆಕ್ಕ ಯಾರೂ ಕೇಳಲ್ಲ, ಕೇಳಿದರೆ ಜಗಳ.

ಕೋರ್ಸ್‌ನಲ್ಲಿ ಕಲಿಸೋದು ಇದನ್ನೇ ಕ್ರಮವಾಗಿ ಮಾಡೋಕೆ: ಬಜೆಟ್ ಬರೆಯೋದು, ಪ್ರಾಯೋಜಕರ ಜತೆ ಕರಾರು, ಮೈದಾನ ನಿರ್ವಹಣೆ, ವಿಮೆ, ಕಾನೂನು, ಮಾರ್ಕೆಟಿಂಗ್. ಉದಾಹರಣೆಗೆ ಒಂದು ಬಟ್ಟೆ ಅಂಗಡಿ 10,000 ರೂಪಾಯಿ ಕೊಟ್ಟು ಫ್ಲೆಕ್ಸ್ ಹಾಕಿಸಿತು ಅನ್ನಿ. ಅದರಿಂದ ಗಿರಾಕಿ ಬಂದರೋ ಇಲ್ಲವೋ ಗೊತ್ತಾಗೋದು ಹೇಗೆ? ಟಿಕೆಟ್ ಹಿಂದೆ ಅಂಗಡಿಯ ರಿಯಾಯಿತಿ ಕೂಪನ್ ಮುದ್ರಿಸಿದರೆ ಎಷ್ಟು ವಾಪಸ್ ಬಂತು ಅಂತ ಎಣಿಸಬಹುದು. ಆಗ ಮುಂದಿನ ವರ್ಷ ದೇಣಿಗೆ ಕೇಳೋ ಮಾತೇ ಇಲ್ಲ, ವ್ಯವಹಾರ ಮಾತಾಡಬಹುದು.

ಇದಕ್ಕಿಂತ ದೊಡ್ಡದು ಜನರ ಪ್ರಾಣ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಗ್ಯಾಲರಿ ಎಷ್ಟು ಭಾರ ತಡೆಯುತ್ತೆ, ಒಂದು ಗೇಟಿನಲ್ಲಿ ನಿಮಿಷಕ್ಕೆ ಎಷ್ಟು ಜನ ಹೋಗಬಹುದು, ಆಂಬುಲೆನ್ಸ್‌ಗೆ ಬೇರೆ ದಾರಿ ಇದೆಯಾ ಅನ್ನೋದೆಲ್ಲ ಈ ಓದಿನ ಭಾಗ. ಕಂಬ ನೆಟ್ಟು ಹಲಗೆ ಕಟ್ಟಿದ ಗ್ಯಾಲರಿ ನಮ್ಮ ಊರುಗಳಲ್ಲೂ ಇವೆ. ಲೆಕ್ಕ ಗೊತ್ತಿರೋ ಒಬ್ಬರು ಊರಿಗೆ ಬೇಕೇ ಬೇಕು.

ಎರಡನ್ನೂ ಯಾಕೆ ಒಟ್ಟಿಗೆ ಓದಬೇಕು?

ತಂಡ ನಡೆಸೋ ಮ್ಯಾನೇಜರ್‌ಗೆ ಮೈ ಗೊತ್ತಿಲ್ಲದಿದ್ದರೆ ಪಂದ್ಯದ ಮೇಲೆ ಪಂದ್ಯ ಇಟ್ಟು ಆಟಗಾರರನ್ನ ಸುಸ್ತು ಮಾಡ್ತಾನೆ. ತರಬೇತಿ ಕೊಡೋನಿಗೆ ಲೆಕ್ಕ ಗೊತ್ತಿಲ್ಲದಿದ್ದರೆ ಅಕಾಡೆಮಿ ಎರಡು ವರ್ಷಕ್ಕೆ ಮುಚ್ಚುತ್ತೆ. ಈಗ ತಾಲ್ಲೂಕು ಕೇಂದ್ರಗಳಲ್ಲೂ ಟರ್ಫ್ ಮೈದಾನ, ಜಿಮ್, ಬ್ಯಾಡ್ಮಿಂಟನ್ ಕೋರ್ಟ್ ಬರ್ತಿವೆ. ಅಲ್ಲಿ ಎರಡೂ ಕೆಲಸ ಒಬ್ಬರೇ ಮಾಡಬೇಕಾಗುತ್ತೆ. ಜೋಡಿ ಓದಿಗೆ ನಿಜವಾದ ಬೆಲೆ ಇರೋದು ಇಂಥ ಕಡೆ.

ದೊಡ್ಡ ಮಟ್ಟದಲ್ಲೂ ಬಾಗಿಲು ತೆರೆಯುತ್ತಿದೆ. 2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ತಂಡಗಳಿಗೆ ಫಿಟ್ನೆಸ್ ತರಬೇತುದಾರರು, ಆಟದ ವಿಶ್ಲೇಷಕರು, ಪ್ರವಾಸ ಮತ್ತು ಪಂದ್ಯದ ವ್ಯವಸ್ಥೆ ನೋಡುವವರು ಬೇಕಾದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕ್ರೀಡಾ ಒಕ್ಕೂಟಗಳು ಇನ್ನು ನಿಯಮದ ಪ್ರಕಾರ ನಡೆಯಬೇಕು ಅಂದ್ರೆ ಕಚೇರಿ ಕೆಲಸ ಗೊತ್ತಿರೋರು ಬೇಕಾಗ್ತಾರೆ. ಆದರೆ ಈ ಹುದ್ದೆಗಳು ಸಾವಿರಗಟ್ಟಲೆ ಇಲ್ಲ. ಜಾಹೀರಾತಿನ ಐಪಿಎಲ್ ಫೋಟೊ ನೋಡಿ ಎಲ್ಲರಿಗೂ ಅಲ್ಲೇ ಕೆಲಸ ಅಂದುಕೊಳ್ಳಬೇಡಿ.

ಎಲ್ಲಿ ಓದಬಹುದು?

ಪೂರ್ತಿ ಜೋಡಿ ಡಿಗ್ರಿಗೆ ಒಂದು ಒಳ್ಳೆ ಉದಾಹರಣೆ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯ. ಮೆಲ್ಬರ್ನ್‌ನಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಡಿಗ್ರಿ ಒಂದು, ಕ್ರೀಡಾ ಮ್ಯಾನೇಜ್‌ಮೆಂಟ್ ಡಿಗ್ರಿ ಇನ್ನೊಂದು, ಎರಡನ್ನೂ ಸೇರಿಸಿ 4 ವರ್ಷಕ್ಕೆ ಮುಗಿಸೋ ವ್ಯವಸ್ಥೆ ಅಲ್ಲಿದೆ. ಆ ದೇಶದಲ್ಲಿ ವ್ಯಾಯಾಮ ವಿಜ್ಞಾನಿ ಅಂತ ಮಾನ್ಯತೆ ಕೊಡೋ ವೃತ್ತಿಪರ ಸಂಸ್ಥೆ ಬೇರೆ ಇದೆ. ಅದರ ಮಾನ್ಯತೆಗೆ 140 ಗಂಟೆ ಪ್ರಾಯೋಗಿಕ ಕೆಲಸ ಮಾಡಿರಬೇಕು. ಬರೀ ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು.

ಖರ್ಚು ಮಾತ್ರ ಸಣ್ಣದಲ್ಲ. 4 ವರ್ಷದ ಕಾಲೇಜು ಶುಲ್ಕ ಬೇರೆ. ವೀಸಾಕ್ಕೆ ಮೊದಲ ವರ್ಷದ ಜೀವನ ವೆಚ್ಚ ಅಂತ 29,710 ಆಸ್ಟ್ರೇಲಿಯಾ ಡಾಲರ್ ತೋರಿಸಬೇಕು ಅಂತ 2024ರ ಮೇನಲ್ಲಿ ನಿಯಮ ಬಂತು. ನಮ್ಮ ಹಣದಲ್ಲಿ 16 ಲಕ್ಷಕ್ಕೂ ಮೇಲೆ. 2025ರ ಜುಲೈನಿಂದ ವೀಸಾ ಅರ್ಜಿ ಶುಲ್ಕವೇ 2,000 ಡಾಲರ್. 'ಅಲ್ಲಿ ದುಡಿದುಕೊಂಡು ಓದಬಹುದು' ಅನ್ನೋರಿಗೆ ಗೊತ್ತಿರಲಿ: ತರಗತಿ ನಡೆಯೋ ದಿನಗಳಲ್ಲಿ 2 ವಾರಕ್ಕೆ 48 ಗಂಟೆ ಮಾತ್ರ ಕೆಲಸಕ್ಕೆ ಅನುಮತಿ.

ಡೀಕಿನ್ 2024ರಲ್ಲಿ ಗುಜರಾತಿನ ಗಿಫ್ಟ್ ಸಿಟಿಯಲ್ಲೂ ಕ್ಯಾಂಪಸ್ ತೆರೆದಿದೆ. ಅಲ್ಲಿ ಶುರುವಾಗಿದ್ದು ಬಿಸಿನೆಸ್ ಅನಲಿಟಿಕ್ಸ್ ಮತ್ತು ಸೈಬರ್ ಸೆಕ್ಯುರಿಟಿಯ ಸ್ನಾತಕೋತ್ತರ ಕೋರ್ಸ್‌ಗಳು, ಕ್ರೀಡಾ ಕೋರ್ಸ್ ಅಲ್ಲ. ಯಾರಾದರೂ ಎರಡನ್ನೂ ಬೆರೆಸಿ ಹೇಳಿದರೆ ಎಚ್ಚರ.

ನಮ್ಮ ದೇಶದಲ್ಲಿ ಎರಡು ಭಾಗವೂ ಹೆಚ್ಚಾಗಿ ಬೇರೆ ಬೇರೆ ಸಿಗುತ್ತವೆ. ಮಣಿಪುರದಲ್ಲಿ 2018ರ ಕಾಯ್ದೆಯಡಿ ಬಂದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ತರಬೇತಿಯ 4 ವರ್ಷದ ಬಿಎಸ್ಸಿ ಇದೆ. ಗ್ವಾಲಿಯರ್‌ನಲ್ಲಿ 1957ರಷ್ಟು ಹಿಂದೆಯೇ ಶುರುವಾದ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆ ಇದೆ. ಪಕ್ಕದ ಚೆನ್ನೈನಲ್ಲಿ ತಮಿಳುನಾಡು ಸರ್ಕಾರದ ಕ್ರೀಡಾ ವಿಶ್ವವಿದ್ಯಾಲಯ ಇದೆ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ವಿಭಾಗ ಇದೆ. ವಿಜ್ಞಾನದ ಕೋರ್ಸ್‌ಗೆ ಪಿಯುಸಿಯಲ್ಲಿ ಬಯಾಲಜಿ ಕೇಳೋ ಕಡೆ ಕಾಮರ್ಸ್ ಮಕ್ಕಳಿಗೆ ಸೀಟಿಲ್ಲ, ಇದನ್ನ ಮೊದಲೇ ವಿಚಾರಿಸಿ.

ಕಡಿಮೆ ಖರ್ಚಿನ ದಾರಿ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಮಾರ್ಗಸೂಚಿ ಕೊಟ್ಟು, ಒಬ್ಬ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಡಿಗ್ರಿ ಓದಬಹುದು ಅಂತ ಹೇಳಿದೆ. ಎರಡೂ ರೆಗ್ಯುಲರ್ ಆದರೆ ತರಗತಿ ಸಮಯ ಒಂದಕ್ಕೊಂದು ಅಡ್ಡ ಬರಬಾರದು. ಇಲ್ಲವಾದರೆ ಒಂದು ರೆಗ್ಯುಲರ್, ಒಂದು ದೂರಶಿಕ್ಷಣ ಮಾಡಬಹುದು.

ಅಂದ್ರೆ ಕ್ರೀಡಾ ವಿಜ್ಞಾನ ಅಥವಾ ಬಿಪಿಇಎಸ್ ಕಾಲೇಜಿನಲ್ಲಿ ಓದುತ್ತಾ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಬಿಬಿಎ ಅಥವಾ ಬಿಕಾಂ ಮಾಡಬಹುದು. ಜೋಡಿ ಡಿಗ್ರಿಯ ಎರಡು ಕಾಲೂ ಬಂದಂತೆ ಆಯ್ತು. ಪರೀಕ್ಷೆ ದಿನಾಂಕ ಡಿಕ್ಕಿ ಹೊಡೆಯೋ ಸಾಧ್ಯತೆ ಇದೆ, ಕಷ್ಟವೂ ಜಾಸ್ತಿ. ಸೇರೋ ಮುಂಚೆ ಎರಡೂ ಕಡೆ ಕೇಳಿ ಖಚಿತ ಮಾಡಿಕೊಳ್ಳಬೇಕು.

ಸಾಲದ ವಿಚಾರಕ್ಕೆ ಬಂದರೆ, ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅಡಮಾನ, ಜಾಮೀನುದಾರ ಇಲ್ಲದೆ ಸಾಲ ಸಿಗುತ್ತೆ. ವರ್ಷದ ಆದಾಯ 8 ಲಕ್ಷದವರೆಗೆ ಇರೋ ಕುಟುಂಬಕ್ಕೆ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ 3 ಶೇಕಡ ಬಡ್ಡಿ ರಿಯಾಯಿತಿ ಇದೆ. ನೀವು ನೋಡಿರೋ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ವಿದೇಶದ ಕೋರ್ಸ್‌ಗೆ ಇದು ಸಿಗಲ್ಲ.

ಸೇರೋ ಮುಂಚೆ ಕೇಳಬೇಕಾದ 5 ಪ್ರಶ್ನೆ

1. ಡಿಗ್ರಿ ಕೊಡೋ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ? ಕಾಲೇಜಿನ ಬೋರ್ಡ್ ನೋಡಿದರೆ ಸಾಲದು.

2. ಸರ್ಟಿಫಿಕೇಟ್ ಮೇಲೆ ಏನಂತ ಬರೆದಿರುತ್ತೆ? ಬಿಎಸ್ಸಿ, ಬಿಬಿಎ, ಬಿಪಿಇಎಸ್ ಒಂದೊಂದರ ದಾರಿ ಒಂದೊಂದು.

3. ಈ ಡಿಗ್ರಿ ಮೇಲೆ ಬಿ.ಪಿ.ಎಡ್ ಅಥವಾ ಎಂಬಿಎಗೆ ಅರ್ಜಿ ಹಾಕಬಹುದಾ?

4. ಲ್ಯಾಬ್ ಎಲ್ಲಿದೆ, ಇಂಟರ್ನ್‌ಶಿಪ್ ಎಷ್ಟು ಗಂಟೆ, ಯಾವ ತಂಡ ಅಥವಾ ಕ್ರೀಡಾಂಗಣದಲ್ಲಿ? ಕಳೆದ ವರ್ಷ ಎಲ್ಲಿ ಕಳಿಸಿದ್ದರು?

5. ಹಿಂದಿನ ಬ್ಯಾಚ್‌ನವರು ಈಗ ಏನು ಮಾಡ್ತಿದ್ದಾರೆ? ಕಾಲೇಜು ಕೊಟ್ಟ ಇಬ್ಬರ ಹೆಸರು ಬೇಡ, ನೀವೇ ನಾಲ್ಕು ಜನರನ್ನ ಹುಡುಕಿ ಫೋನ್ ಮಾಡಿ.

ಮೊದಲ ನಾಲ್ಕಕ್ಕೆ ಉತ್ತರವನ್ನ ಬಾಯಿಮಾತಲ್ಲಿ ತಗೋಬೇಡಿ, ಇಮೇಲ್ ಅಥವಾ ಪತ್ರದಲ್ಲಿ ಕೇಳಿ. 'ಸೀಟು ಎರಡೇ ಉಳಿದಿದೆ, ಇವತ್ತೇ ಅಡ್ವಾನ್ಸ್ ಹಾಕಿ' ಅಂತ ಅವಸರ ಮಾಡಿದರೆ ಒಂದು ದಿನ ತಡೆಯಿರಿ. ಜಿಲ್ಲಾ ಕ್ರೀಡಾಂಗಣದಲ್ಲಿರೋ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಗೆ ಹೋಗಿ, ಇಲ್ಲವೇ ಮಗ ಮಗಳಿಗೆ ಆಟ ಕಲಿಸಿದ ಪಿಟಿ ಮೇಷ್ಟ್ರ ಹತ್ತಿರ ಕೂತು ಮಾತಾಡಿ. ಬರವಣಿಗೆಯಲ್ಲಿ ಉತ್ತರ ಬಂದ ಮೇಲೆ ದುಡ್ಡು ಕಟ್ಟಿದರೂ ತಡವಾಗಲ್ಲ.