ತಲೆ ಕಾಯುವ ಕವಚ

ನಡೆದು ಹೋಗುವವನಿಗೆ ಊರು ದೂರ, ಗಾಲಿಯನ್ನೇರಿದವನಿಗೆ ಹತ್ತಿರ. ದೂರವನ್ನು ಕುಗ್ಗಿಸಬೇಕೆಂಬ ಹಂಬಲದಿಂದಲೇ ಮಾನವನು ಕುದುರೆಯನ್ನು ಪಳಗಿಸಿದನು, ಬಂಡಿಯನ್ನು ಕಟ್ಟಿದನು, ಸೈಕಲ್ಲನ್ನು ರೂಪಿಸಿದನು. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಎಂಬ ಯಂತ್ರಶಿಲ್ಪಿಯು ತನ್ನ ಸಹೋದ್ಯೋಗಿ ವಿಲ್ಹೆಲ್ಮ್ ಮೇಬಾಕನೊಡನೆ ಸೇರಿ, ಮರದ ಚೌಕಟ್ಟೊಂದಕ್ಕೆ ಪುಟ್ಟ ಎಂಜಿನ್ನನ್ನು ಅಳವಡಿಸಿದಾಗ ಮೋಟಾರು ಸೈಕಲ್ಲಿನ ಯುಗವು ಆರಂಭವಾಯಿತು. ಆ ವಾಹನವು ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಿಂದ ಓಡಿತು. ಇಂದಿನ ಸಾಧಾರಣ ಮೋಟಾರು ಸೈಕಲ್ಲು ಅದರ ಏಳೆಂಟು ಪಟ್ಟು ವೇಗದಿಂದ ಓಡಬಲ್ಲದು. ಆದರೆ ಅದರ ಮೇಲೆ ಕುಳಿತ ಮನುಷ್ಯನ ಎಲುಬು ಮಾತ್ರ ಅಂದಿಗಿಂತ ಗಟ್ಟಿಯಾಗಿಲ್ಲ.

ಕನ್ನಡ ನಾಡಿಗೂ ಮೋಟಾರು ಸೈಕಲ್ಲಿಗೂ ನಂಟು ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಬೈಕುಗಳನ್ನೂ ಅನಂತರ ಯೆಜ್ಡಿ ಬೈಕುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿತಾದರೂ ದ್ವಿಚಕ್ರ ವಾಹನದ ಬಳಕೆಯು ಬೆಳೆಯುತ್ತಲೇ ಹೋಯಿತು. ಹಾಲಿನ ಕ್ಯಾನುಗಳನ್ನು ಡೇರಿಗೆ ಸಾಗಿಸುವ ರೈತ, ದೂರದ ಹಳ್ಳಿಯ ಶಾಲೆಗೆ ಹೋಗುವ ಶಿಕ್ಷಕಿ, ಊರೂರು ಸುತ್ತಿ ಬಟ್ಟೆ ಮಾರುವ ವ್ಯಾಪಾರಿ, ಇವರೆಲ್ಲರಿಗೂ ಅದು ಇಂದು ಭೋಗದ ವಸ್ತುವಲ್ಲ, ಬದುಕಿನ ಊರುಗೋಲು.

ಉಪಕಾರ ಮಾಡುವ ಈ ವಾಹನವೇ ಗಂಡಾಂತರಕ್ಕೂ ಕಾರಣವಾಗುತ್ತಿದೆ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಇದ್ದು ಸತ್ತವರ ಸಂಖ್ಯೆ 50,029. ಇವರಲ್ಲಿ ವಾಹನ ನಡೆಸುತ್ತಿದ್ದವರು 35,692 ಮಂದಿಯಾದರೆ, ಹಿಂದೆ ಕುಳಿತಿದ್ದವರು 14,337 ಮಂದಿ. ಇವು ಬರಿಯ ಅಂಕಿಗಳಲ್ಲ. ಒಂದೊಂದು ಅಂಕಿಯ ಹಿಂದೆಯೂ ಸಂಜೆ ಬರುವನೆಂದು ಬಾಗಿಲು ತೆರೆದಿಟ್ಟು ಕಾದ ಒಂದೊಂದು ಮನೆಯಿದೆ.

ಮೋಟಾರು ಸೈಕಲ್ಲಿನ ಸವಾರಿಯಲ್ಲಿ ಅಪಾಯವು ಏಕೆ ಹೆಚ್ಚು? ಕಾರಿಗಾಗಲಿ ಬಸ್ಸಿಗಾಗಲಿ ನಾಲ್ಕು ಗೋಡೆಗಳುಂಟು, ಮಾಡುಂಟು. ಡಿಕ್ಕಿಯಾದಾಗ ಮೊದಲ ಪೆಟ್ಟನ್ನು ಆ ಲೋಹದ ಗೋಡೆಯು ತಿನ್ನುತ್ತದೆ. ಮೋಟಾರು ಸೈಕಲ್ಲಿನವನಿಗೆ ಅಂತಹ ಗೋಡೆಯಿಲ್ಲ. ಅವನ ಮೈಯೇ ಗೋಡೆ. ಎರಡು ಗಾಲಿಗಳ ಮೇಲಿನ ಸಮತೋಲವು ಸವಾರನ ಹಿಡಿತವನ್ನು ಅವಲಂಬಿಸಿದೆ. ತಿರುವಿನಲ್ಲಿ ಚೆಲ್ಲಿದ ಹಿಡಿ ಮರಳು, ಮಳೆನೀರು ತುಂಬಿದ ಗುಂಡಿ, ಅಡ್ಡ ಬಂದ ನಾಯಿ, ಇವುಗಳಲ್ಲಿ ಯಾವುದಾದರೊಂದು ಸಾಕು ಆ ಸಮತೋಲವನ್ನು ಕೆಡಿಸಲು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ, ಕೈ ಬ್ರೇಕನ್ನು ಒತ್ತುವಷ್ಟರಲ್ಲಿಯೇ ಆ ದೂರವು ಕಳೆದುಹೋಗಿರುತ್ತದೆ.

ವಾಹನವು ಥಟ್ಟನೆ ನಿಂತರೂ ಸವಾರನ ದೇಹವು ನಿಲ್ಲುವುದಿಲ್ಲ. ಜಡತ್ವದ ನಿಯಮದಂತೆ ಅದು ಹಿಂದಿನ ವೇಗದಲ್ಲಿಯೇ ಮುಂದಕ್ಕೆ ಎಸೆಯಲ್ಪಡುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ ಗೋಡೆಗೆ ಬಡಿಯುವುದು, ಆರು ಮೀಟರಿಗೂ ಹೆಚ್ಚು ಎತ್ತರದಿಂದ, ಎಂದರೆ ಎರಡಂತಸ್ತಿನ ಮನೆಯ ಮೇಲಿನಿಂದ, ನೆಲಕ್ಕೆ ಬೀಳುವುದಕ್ಕೆ ಸಮ. ವೇಗವು ಇಮ್ಮಡಿಯಾದರೆ ಪೆಟ್ಟಿನ ಶಕ್ತಿಯು ನಾಲ್ಕು ಮಡಿಯಾಗುತ್ತದೆ. ವೇಗವೇ ಇಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ. ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆಯು ಸುಮ್ಮನೆ ಕೆಳಕ್ಕೆ ಬಿದ್ದರೂ, ನೆಲವನ್ನು ಮುಟ್ಟುವಾಗ ಅದರ ವೇಗವು ಗಂಟೆಗೆ ಸುಮಾರು 20 ಕಿಲೋಮೀಟರ್ ಆಗಿರುತ್ತದೆ. ‘ಇಲ್ಲೇ ಅಂಗಡಿಗೆ, ಮೆಲ್ಲಗೆ ಹೋಗಿ ಬರುತ್ತೇನೆ’ ಎನ್ನುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ದೇಹದ ಉಳಿದ ಭಾಗಗಳಿಗೆ ಪೆಟ್ಟಾದರೆ ಅದು ಬಹುಮಟ್ಟಿಗೆ ವಾಸಿಯಾಗುತ್ತದೆ. ಮುರಿದ ಎಲುಬು ಕೂಡುತ್ತದೆ, ಹರಿದ ಚರ್ಮ ಬೆಳೆಯುತ್ತದೆ. ಮೆದುಳಿನ ಸ್ಥಿತಿ ಹಾಗಲ್ಲ. ಮೃದುವಾದ ಈ ಅವಯವವು ತಲೆಬುರುಡೆಯ ಒಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆಯು ಕಲ್ಲಿಗೆ ಬಡಿದು ಕ್ಷಣದಲ್ಲಿ ನಿಂತಾಗ, ಒಳಗಿನ ಮೆದುಳು ಇನ್ನೂ ಚಲಿಸುತ್ತಲೇ ಇದ್ದು ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ನರತಂತುಗಳು ಜಗ್ಗುತ್ತವೆ, ರಕ್ತನಾಳಗಳು ಹರಿಯುತ್ತವೆ. ಹೊರಗೆ ಒಂದು ಹನಿ ರಕ್ತವೂ ಕಾಣದಿರಬಹುದು. ಒಳಗೆ ಮಾತು, ನೆನಪು, ನಡಿಗೆ, ಎಲ್ಲವೂ ನಾಶವಾಗಿರಬಹುದು. ನಾಶವಾದ ನರಕೋಶಗಳನ್ನು ಮರಳಿ ತರುವ ಮದ್ದು ಇಂದಿಗೂ ಇಲ್ಲ. ತಲೆ ಗಟ್ಟಿ ಇದೆಯೆಂದು ಬಂಡೆಗೆ ಹಾಯಬಾರದು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ತಲೆಗೆ ಒಂದು ಕವಚವು ಬೇಕೆಂಬ ಅರಿವು ಮೊದಲು ಮೂಡಿದುದು ಪಂದ್ಯದ ಪಥದಲ್ಲಿ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ವೈದ್ಯಾಧಿಕಾರಿಯಾಗಿದ್ದ ಎರಿಕ್ ಗಾರ್ಡ್ನರ್ ಅವರು, ಪಂದ್ಯದ ಸವಾರರು ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು ಬರುವುದನ್ನು ಕಂಡು, ಕ್ಯಾನ್ವಾಸ್ ಬಟ್ಟೆಗೆ ಅರಗನ್ನು ಬಳಿದು ಗಟ್ಟಿಯಾದ ಶಿರಸ್ತ್ರಾಣಗಳನ್ನು ಮಾಡಿಸಿದರು. 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯದಲ್ಲಿ ಅವನ್ನು ಕಡ್ಡಾಯ ಮಾಡಲಾಯಿತು. ಆದರೆ ಆ ಅರಿವು ಪಂದ್ಯದ ಬೇಲಿಯನ್ನು ದಾಟಿ ಜನಸಾಮಾನ್ಯರ ರಸ್ತೆಗೆ ಬರಲಿಲ್ಲ. ಅದು ಬರುವುದಕ್ಕೆ ಒಂದು ಸಾವೂ ಒಬ್ಬ ವೈದ್ಯರ ಛಲವೂ ಬೇಕಾದವು.

‘ಅರೇಬಿಯದ ಲಾರೆನ್ಸ್’ ಎಂದು ಲೋಕಪ್ರಸಿದ್ಧರಾಗಿದ್ದ ಟಿ. ಇ. ಲಾರೆನ್ಸ್ ಅವರು ಯೋಧರು, ಲೇಖಕರು. ಮೋಟಾರು ಸೈಕಲ್ಲನ್ನು ಅತಿಯಾಗಿ ಪ್ರೀತಿಸಿದವರು. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ, ತಮ್ಮ ಮನೆಯ ಸಮೀಪದ ರಸ್ತೆಯಲ್ಲಿಯೇ, ‘ಬ್ರಫ್ ಸುಪೀರಿಯರ್’ ಬೈಕಿನ ಮೇಲೆ ಬರುತ್ತಿದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಎದುರಾದರು. ಅವರನ್ನು ತಪ್ಪಿಸಲು ಹೊರಳಿದ ಲಾರೆನ್ಸರು ಹಿಡಿತ ತಪ್ಪಿ ರಸ್ತೆಗೆ ಎಸೆಯಲ್ಪಟ್ಟರು. ಅವರು ಹೆಲ್ಮೆಟ್ ಧರಿಸಿರಲಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಎಚ್ಚರವಿಲ್ಲದೆ ಆರು ದಿನ ಮಲಗಿದ್ದು ಮೇ 19ರಂದು ತೀರಿಕೊಂಡರು. ಆಗ ಅವರಿಗೆ 46 ವರ್ಷ. ಮರುಭೂಮಿಯ ಯುದ್ಧದಿಂದ ಬದುಕಿ ಬಂದ ವ್ಯಕ್ತಿಯನ್ನು ಮನೆಯ ಬಳಿಯ ರಸ್ತೆಯು ಬಲಿ ತೆಗೆದುಕೊಂಡಿತು.

ಲಾರೆನ್ಸರ ಚಿಕಿತ್ಸೆಗೆಂದು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ಹಾರ್ವೆ ಕುಷಿಂಗ್ ಅವರ ಬಳಿ ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಕಲಿತಿದ್ದ ಕೇರ್ನ್ಸರ ವಿದ್ಯೆಯು ಆ ದಿನ ಕೈಗೂಡಲಿಲ್ಲ. ಉಳಿಸಲಾಗದ ರೋಗಿಯನ್ನು ಮರೆತು ಮುಂದಿನ ಕೆಲಸಕ್ಕೆ ಹೋಗುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಒಮ್ಮೆ ಘಾಸಿಗೊಂಡ ಮೆದುಳನ್ನು ಸರಿಪಡಿಸಲಾಗದಿದ್ದರೆ, ಅದು ಘಾಸಿಗೊಳ್ಳದಂತೆ ತಡೆಯಬಹುದಲ್ಲವೇ ಎಂಬ ಪ್ರಶ್ನೆಯನ್ನು ಹಿಡಿದು ಅವರು ಅಧ್ಯಯನಕ್ಕೆ ತೊಡಗಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ವೈರಿಯ ವಿಮಾನಗಳಿಗೆ ಹೆದರಿ ಬ್ರಿಟನ್ನಿನ ಬೀದಿದೀಪಗಳನ್ನು ಆರಿಸಿದ್ದರು. ಸೈನ್ಯದ ಸಂದೇಶವಾಹಕರು ಕತ್ತಲಲ್ಲಿಯೇ ಮೋಟಾರು ಸೈಕಲ್ಲನ್ನು ಓಡಿಸಬೇಕಾಗಿತ್ತು. 1941ರಲ್ಲಿ ಕೇರ್ನ್ಸರು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಯುದ್ಧದ ಮೊದಲ 21 ತಿಂಗಳಲ್ಲಿ 2,279 ಮಂದಿ ಮೋಟಾರು ಸೈಕಲ್ ಸವಾರರೂ ಹಿಂಬದಿ ಸವಾರರೂ ಸತ್ತಿದ್ದರು. ಪೆಟ್ರೋಲಿಗೆ ಪಡಿತರ ಬಂದಿದ್ದರೂ ಈ ಸಾವುಗಳು ಯುದ್ಧಕ್ಕೆ ಮುಂಚಿನ ಅಷ್ಟೇ ಅವಧಿಗಿಂತ ಶೇಕಡ 21ರಷ್ಟು ಹೆಚ್ಚಾಗಿದ್ದವು. ಬಹುಪಾಲು ಸಾವುಗಳಿಗೆ ತಲೆಯ ಪೆಟ್ಟೇ ಕಾರಣವಾಗಿತ್ತು. ಹೆಲ್ಮೆಟ್ ಧರಿಸಿ ಅಪಘಾತಕ್ಕೀಡಾದ ಏಳು ಮಂದಿಯನ್ನು ಮಾತ್ರ ಕೇರ್ನ್ಸರು ಕಂಡಿದ್ದರು. ಆ ಏಳು ಮಂದಿಯೂ ಬದುಕಿದ್ದರು.

ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ಕರ್ತವ್ಯದ ಮೇಲಿರುವ ತನ್ನ ಸವಾರರಿಗೆಲ್ಲ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಯುದ್ಧವು ಮುಗಿದ ಮೇಲೆ, 1946ರಲ್ಲಿ, ಕೇರ್ನ್ಸರು ತಿಂಗಳು ತಿಂಗಳಿನ ಸಾವುಗಳ ಲೆಕ್ಕವನ್ನು ಮುಂದಿಟ್ಟು, ಆ ಆಜ್ಞೆಯ ಅನಂತರ ಸಾವುಗಳು ಇಳಿಮುಖವಾದುದನ್ನು ತೋರಿಸಿದರು. ನಾಗರಿಕ ಸವಾರರಿಗೆ ಬ್ರಿಟನ್ನಿನಲ್ಲಿ ಹೆಲ್ಮೆಟ್ ಕಡ್ಡಾಯವಾದುದು 1973ರಲ್ಲಿ. ಅದನ್ನು ಕಾಣಲು ಕೇರ್ನ್ಸರು ಉಳಿದಿರಲಿಲ್ಲ. 1952ರಲ್ಲಿಯೇ ಅವರು ನಿಧನರಾಗಿದ್ದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವರು ಉಳಿಸಿದ ಜೀವಗಳಿಗಿಂತ, ಅವರು ಎಂದೂ ಕಾಣದ ರಸ್ತೆಗಳಲ್ಲಿ ಅವರ ಲೆಕ್ಕವು ಉಳಿಸಿದ ಜೀವಗಳು ಎಷ್ಟೋ ಪಾಲು ಹೆಚ್ಚು.

ಹೆಲ್ಮೆಟ್ಟು ತಲೆಯನ್ನು ಹೇಗೆ ಕಾಯುತ್ತದೆ? ಅದರ ಹೊರಗಿನ ಗಟ್ಟಿ ಚಿಪ್ಪು, ಕಲ್ಲಿನ ಮೊನೆಯು ಒಳಹೊಗದಂತೆ ತಡೆದು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಚಿಪ್ಪಿನ ಒಳಗೆ ಥರ್ಮೋಕೋಲನ್ನು ಹೋಲುವ ದಪ್ಪನೆಯ ಪದರವಿದೆ. ಪೆಟ್ಟು ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ, ತಲೆಯು ಒಮ್ಮೆಗೇ ನಿಲ್ಲದೆ ಎರಡು ಮೂರು ಸೆಂಟಿಮೀಟರ್ ಸಾಗಿ ನಿಲ್ಲುವಂತೆ ಮಾಡುತ್ತದೆ. ವೇಗವಾಗಿ ಬರುವ ಚೆಂಡನ್ನು ಹಿಡಿಯುವ ಆಟಗಾರನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುವುದೂ ಇದೇ ತತ್ತ್ವದಿಂದ. ಹೀಗೆ ತಾನು ಚಚ್ಚಿಹೋಗಿ ತಲೆಯನ್ನುಳಿಸುವುದೇ ಅದರ ಧರ್ಮ. ಆದುದರಿಂದ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು, ಹೊರಗೆ ಚೆನ್ನಾಗಿಯೇ ಕಂಡರೂ, ಮತ್ತೆ ಬಳಕೆಗೆ ಯೋಗ್ಯವಲ್ಲ. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ ತಲೆಗಿಂತ ಮೊದಲೇ ಅದು ರಸ್ತೆ ಸೇರುತ್ತದೆ. ತಲೆಯ ಅಳತೆಗೆ ಒಪ್ಪುವ, ಐ.ಎಸ್.ಐ. ಮುದ್ರೆಯುಳ್ಳ ಹೆಲ್ಮೆಟ್ಟನ್ನೇ ಆರಿಸಬೇಕು. ಪೊಲೀಸರ ಕಣ್ಣಿಗಾಗಿ ಕೊಂಡ ತೆಳುವಾದ ಅರ್ಧ ಟೋಪಿಯು ದಂಡವನ್ನು ತಪ್ಪಿಸೀತು, ಸಾವನ್ನು ತಪ್ಪಿಸದು.

ತಲೆಯಂತೆ ಉಳಿದ ಅಂಗಗಳಿಗೂ ರಕ್ಷಣೆ ಬೇಕು. ಬೀಳುವವನು ತನಗರಿಯದಂತೆಯೇ ಕೈಯನ್ನು ಮುಂದೆ ಚಾಚುತ್ತಾನೆ. ಕೈಗವಸು ಇಲ್ಲದಿದ್ದರೆ ಅಂಗೈಯ ಚರ್ಮವು ಡಾಂಬರಿಗೆ ಉಜ್ಜಿ ಕಿತ್ತುಹೋಗುತ್ತದೆ. ದಪ್ಪನೆಯ ಜಾಕೆಟ್ಟು ಮೊಣಕೈ ಭುಜಗಳನ್ನೂ, ಹರಡನ್ನು ಮುಚ್ಚುವ ಬೂಟು ಪಾದವನ್ನೂ ಕಾಯುತ್ತವೆ. ಚಪ್ಪಲಿಯು ಬಿದ್ದ ಕ್ಷಣವೇ ಕಾಲನ್ನು ಬಿಟ್ಟುಹೋಗುತ್ತದೆ. ಹೆಲ್ಮೆಟ್ಟಿನ ಮುಂದಿನ ಗಾಜು ಧೂಳು ಹುಳುಗಳಿಂದ ಕಣ್ಣನ್ನು ರಕ್ಷಿಸುತ್ತದೆ. ಹಿಂದೆ ಕುಳಿತ ಮಹಿಳೆಯರು ಸೀರೆಯ ಸೆರಗನ್ನೂ ಚೂಡಿದಾರದ ವೇಲನ್ನೂ ಗಾಲಿಗೆ ಸಿಕ್ಕದಂತೆ ಬಿಗಿದುಕೊಳ್ಳುವುದು ಅಗತ್ಯ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯು ಸವಾರನಿಗೂ ಹಿಂಬದಿ ಸವಾರನಿಗೂ ಹೆಲ್ಮೆಟ್ಟನ್ನು ವಿಧಿಸಿದೆ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿಯುಂಟು. 2019ರ ತಿದ್ದುಪಡಿಯು ನಾಲ್ಕು ವರ್ಷ ಮೀರಿದ ಮಕ್ಕಳನ್ನೂ ಈ ನಿಯಮದೊಳಗೆ ತಂದಿತು. ಕರ್ನಾಟಕದಲ್ಲಿ ಹಿಂಬದಿ ಸವಾರರ ವಿಷಯದಲ್ಲಿಯೂ 2016ರಿಂದ ಇದನ್ನು ಕಡ್ಡಾಯವಾಗಿ ಜಾರಿಗೆ ತರಲಾಗಿದೆ. ಗೇರುಳ್ಳ ಮೋಟಾರು ಸೈಕಲ್ಲನ್ನು ನಡೆಸಲು 18 ವರ್ಷ ತುಂಬಿರಲೇಬೇಕು. ತುಂಬದ ಮಗನ ಕೈಗೆ ಕೀಲಿಯನ್ನು ಕೊಟ್ಟ ತಂದೆಯೂ 2019ರ ತಿದ್ದುಪಡಿಯಂತೆ ಅಪರಾಧಿಯಾಗುತ್ತಾನೆ. ಆದರೂ ಸೆಕೆ, ಕೂದಲು ಉದುರುತ್ತದೆ, ಹತ್ತಿರದ ದಾರಿ ಮುಂತಾದ ನೆಪಗಳಿಂದ ಎಷ್ಟೋ ಹೆಲ್ಮೆಟ್ಟುಗಳು ತಲೆಯನ್ನು ಬಿಟ್ಟು ವಾಹನದ ಕನ್ನಡಿಯ ಮೇಲೋ ಪೆಟ್ರೋಲ್ ಟ್ಯಾಂಕಿನ ಮೇಲೋ ಕುಳಿತಿರುತ್ತವೆ. ಸೆಕೆಯು ಅರ್ಧ ಗಂಟೆಯ ಕಷ್ಟ; ಮೆದುಳಿನ ಪೆಟ್ಟು ಜೀವಮಾನದ ಕಷ್ಟ.

ಹೆಲ್ಮೆಟ್ಟು ಅಪಘಾತವನ್ನು ತಡೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅಪಘಾತವನ್ನು ತಡೆಯುವುದು ಸವಾರನ ವಿವೇಕ. ಮಿತಿಯಾದ ವೇಗ, ಮದ್ಯದಿಂದ ದೂರವಿರುವುದು, ಮೊಬೈಲನ್ನು ಜೇಬಿನಲ್ಲಿಯೇ ಇಡುವುದು, ತಿರುವಿನಲ್ಲಿ ತಾಳ್ಮೆ, ಇವೇ ಮೊದಲ ರಕ್ಷೆ. ವಿವೇಕಿಯಾದ ಸವಾರನಿಗೂ ಪರರ ತಪ್ಪಿನಿಂದ ಆಪತ್ತು ಬರಬಹುದು. ಆಗ ಹೆಲ್ಮೆಟ್ಟು ಎರಡನೆಯ ರಕ್ಷೆಯಾಗಿ ನಿಲ್ಲುತ್ತದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು, ಹೆಲ್ಮೆಟ್ ಧಾರಣೆಯಿಂದ ಸಾವಿನ ಸಂಭವವು ಸುಮಾರು ಶೇಕಡ 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವವು ಶೇಕಡ 69ರಷ್ಟೂ ಕಡಿಮೆಯಾಗುತ್ತದೆಂದು ತಿಳಿಸಿದೆ.

ಹೆಲ್ಮೆಟ್ ಧರಿಸುವವನು ಅಂಜುಬುರುಕನೆಂದು ನಗುವ ಯುವಕರಿದ್ದಾರೆ. ರಣರಂಗಕ್ಕೆ ಹೊರಟ ವೀರನು ಕವಚವನ್ನು ತೊಟ್ಟದ್ದು ಅಂಜಿಕೆಯಿಂದಲ್ಲ. ಮರಳಿ ಬರಬೇಕಾದ ಮನೆಯೊಂದು ಇದೆಯೆಂಬ ಎಚ್ಚರದಿಂದ. ಪ್ರತಿಯೊಂದು ಹೆಲ್ಮೆಟ್ಟಿನ ಹಿಂದೆಯೂ ಮಡಿದವರ ಲೆಕ್ಕವಿದೆ, ಆ ಲೆಕ್ಕವನ್ನು ಅರಿವನ್ನಾಗಿ ಮಾಡಿದ ವೈದ್ಯರ ಶ್ರಮವಿದೆ. ಅಷ್ಟು ಬೆಲೆತೆತ್ತು ಪಡೆದ ಅರಿವನ್ನು ಕನ್ನಡಿಗೆ ತೂಗುಹಾಕದೆ ತಲೆಯ ಮೇಲೆ ಧರಿಸುವುದು, ಗದ್ದದ ಪಟ್ಟಿಯನ್ನು ಬಿಗಿದುಕೊಳ್ಳುವುದು, ಅರ್ಧ ನಿಮಿಷದ ಕೆಲಸ. ಮನೆಯಲ್ಲಿ ಕಾದಿರುವವರಿಗೆ ಸವಾರನು ಸಲ್ಲಿಸಬಹುದಾದ ಗೌರವವೂ ಅದೇ ಆಗಿದೆ.