ಹಲ್ಲು ಬಿಳುಪಾಗಿಸುವ ಚಿಕಿತ್ಸೆ: ವಸಡಿನ ಗಾಯ ಮತ್ತು ಉಪಚಾರ

ಹಲ್ಲುಗಳು ಅಚ್ಚ ಬಿಳುಪಾಗಿರಬೇಕೆಂಬ ಬಯಕೆ ಸಹಜವಾದುದು. ಆದರೆ ಆರೋಗ್ಯವಂತರ ಹಲ್ಲುಗಳಿಗೂ ತುಸು ಹಳದಿ ಛಾಯೆ ಇರುತ್ತದೆ. ಎನಾಮೆಲ್ ಪದರದ ಕೆಳಗಿನ ಡೆಂಟಿನ್‌ನ ಬಣ್ಣವೇ ಇದಕ್ಕೆ ಕಾರಣ. ಇದನ್ನು ತಿಳಿಯದೆ ತೀಕ್ಷ್ಣವಾದ ಲೇಪಗಳನ್ನು ಬಳಸಿ ವಸಡನ್ನು ಸುಟ್ಟುಕೊಳ್ಳುವವರುಂಟು. ಇಂತಹ ಗಾಯಗಳಲ್ಲಿ ಹೆಚ್ಚಿನವು ಸಕಾಲಿಕ ಉಪಚಾರದಿಂದ ವಾಸಿಯಾಗುತ್ತವೆ. ತಪ್ಪು ಉಪಚಾರದಿಂದ ಉಲ್ಬಣಿಸುತ್ತವೆ.

ಗಾಯ ಉಂಟಾಗುವ ಬಗೆ

ಬಿಳುಪಿನ ಲೇಪಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಅದನ್ನು ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡ್. ಇದು ಹಲ್ಲಿನ ಕಲೆಯ ಕಣಗಳನ್ನು ಒಡೆಯುತ್ತದೆ. ಮೃದುವಾದ ವಸಡಿಗೆ ತಗುಲಿದರೆ ಅಲ್ಲಿಯ ಜೀವಕೋಶಗಳನ್ನು ಸುಡುತ್ತದೆ. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್‌ನಿಂದ ದೊರೆಯುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ. 3.5 ಮಾತ್ರ. ಚಿಕಿತ್ಸಾಲಯಗಳಲ್ಲಿ ಶೇ. 25ರಿಂದ 40ರವರೆಗಿನ ಲೇಪ ಬಳಕೆಯಲ್ಲಿದೆ. ಆದುದರಿಂದಲೇ ದಂತವೈದ್ಯರು ಮೊದಲು ವಸಡಿಗೆ ರಕ್ಷಣಾ ಪದರವನ್ನು ಹಚ್ಚುತ್ತಾರೆ. ಬಾಯಿಗೆ ಸರಿಹೊಂದದ ಟ್ರೇಯಿಂದ ಲೇಪ ಹೊರಚೆಲ್ಲಿದರೂ ಗಾಯವಾಗುತ್ತದೆ.

ತಕ್ಷಣದ ಉಪಚಾರ

ವಸಡು ಬೆಳ್ಳಗಾಗಿ ಉರಿಯತೊಡಗಿದರೆ ಲೇಪವನ್ನು ಕೂಡಲೇ ಒರೆಸಿ ತೆಗೆದು, ಧಾರಾಳ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಸೌಮ್ಯವಾದ ಸುಟ್ಟಗಾಯದ ಬಿಳುಪು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮಾಯವಾಗುತ್ತದೆ. ನಂತರದ ದಿನಗಳಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ಮೂರು ನಾಲ್ಕು ಬಾರಿ ಮುಕ್ಕಳಿಸುವುದು ಹಿತಕರ. ಮೃದುವಾದ ಬ್ರಷ್ ಬಳಸಬೇಕು. ಖಾರ, ಹುಳಿ, ಅತಿ ಬಿಸಿಯಾದ ಆಹಾರ, ತಂಬಾಕು ಹಾಗೂ ಮದ್ಯಸಾರವಿರುವ ಮೌತ್‌ವಾಶ್ ವರ್ಜ್ಯ. ಗಾಯ ಪೂರ್ಣ ಮಾಯುವವರೆಗೆ ಬಿಳುಪಿನ ಲೇಪವನ್ನು ಮತ್ತೆ ಹಚ್ಚಬಾರದು.

ಮಾಡಬಾರದ್ದು

ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲಿಡುವುದು, ಲವಂಗದ ಎಣ್ಣೆಯನ್ನು ಹಾಗೆಯೇ ಸುರಿಯುವುದು ಹೊಸ ಸುಟ್ಟಗಾಯಕ್ಕೆ ದಾರಿ. ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ ಮಿಶ್ರಿಯು ಹುರಿದ ತಂಬಾಕಿನ ಪುಡಿ; ಅದು ಔಷಧವಲ್ಲ, ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಇದ್ದಿಲು, ಇಟ್ಟಿಗೆ ಪುಡಿಗಳಿಂದ ಉಜ್ಜಿದರೆ ಎನಾಮೆಲ್ ಸವೆದು ವಸಡು ಹಿಂದೆ ಸರಿಯುತ್ತದೆ. ಹಾಗೆ ಸರಿದ ವಸಡು ತಾನಾಗಿ ಮೊದಲಿನ ಸ್ಥಾನಕ್ಕೆ ಮರಳಿ ಬೆಳೆಯುವುದಿಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ದಂತವೈದ್ಯರನ್ನು ಕಾಣಬೇಕಾದ ಸಂದರ್ಭ

ಎರಡು ಮೂರು ದಿನಗಳಲ್ಲಿ ನೋವು ಇಳಿಯದಿದ್ದರೆ, ಹುಣ್ಣು, ಕೀವು, ರಕ್ತಸ್ರಾವ, ಊತ ಅಥವಾ ಜ್ವರ ಕಾಣಿಸಿಕೊಂಡರೆ ವಿಳಂಬ ಸಲ್ಲದು. ಎರಡು ವಾರ ಕಳೆದರೂ ಮಾಯದ ಯಾವುದೇ ಹುಣ್ಣನ್ನು ಪರೀಕ್ಷಿಸಿಕೊಳ್ಳಲೇಬೇಕು.

ಮುನ್ನೆಚ್ಚರಿಕೆ

ಐರೋಪ್ಯ ಒಕ್ಕೂಟದಲ್ಲಿ ಶೇ. 0.1ಕ್ಕಿಂತ ಹೆಚ್ಚು, ಶೇ. 6ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪಿನ ಲೇಪಗಳು 2012ರಿಂದ ದಂತವೈದ್ಯರ ಮೂಲಕವೇ ದೊರೆಯಬೇಕೆಂಬ ನಿಯಮವಿದೆ. 18 ವರ್ಷದೊಳಗಿನವರಿಗೆ ಅವುಗಳ ಬಳಕೆ ನಿಷಿದ್ಧ. ಬಿಳುಪಿಗೆ ಮುನ್ನ ಹುಳುಕು ಹಾಗೂ ವಸಡಿನ ರೋಗಗಳಿಗೆ ಚಿಕಿತ್ಸೆ ಪಡೆಯುವುದು ಅವಶ್ಯಕ. ಗರ್ಭಿಣಿಯರು ಇದನ್ನು ಮುಂದೂಡುವುದು ಲೇಸು. ಸೌಂದರ್ಯ ಮಳಿಗೆಗಳಲ್ಲಲ್ಲದೆ, ನೋಂದಾಯಿತ ದಂತವೈದ್ಯರ ಬಳಿಯಲ್ಲಿಯೇ ಈ ಚಿಕಿತ್ಸೆಯನ್ನು ಪಡೆಯತಕ್ಕದ್ದು. ಹಲ್ಲಿನ ಬಣ್ಣ ಯಾವುದೇ ಆಗಿರಲಿ, ಅದನ್ನು ಹಿಡಿದು ನಿಲ್ಲಿಸುವುದು ಆರೋಗ್ಯವಂತ ವಸಡೇ.